ಕ್ಲಬ್ಬು, ಸ್ನೇಹ, ಸೇವೆ: ನಿಮ್ಮ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಸರ್, ಸೇವೆ ಮಾಡ್ಬೇಕು ಅಂತ ಆಸೆಯಿಂದ ಒಂದು ಸರ್ವಿಸ್ ಕ್ಲಬ್‌ಗೆ ಸೇರ್ಕೊಂಡೆ. ಆದ್ರೆ ಮೀಟಿಂಗ್ ಅಂದ್ರೆ ಬರ್ತ್‌ಡೇ ವಿಶ್ ಮಾಡೋದು, ಊಟ, ಹರಟೆ, ಗ್ರೂಪ್ ಫೋಟೋ ಇಷ್ಟೇ. ಬಿಟ್ಬಿಡ್ಲಾ?

ಉತ್ತರ: ಈಗಲೇ ಬಿಡಬೇಡಿ. ನಿಮ್ಮ ಬೇಸರ ನ್ಯಾಯವಾದದ್ದೇ, ಆದ್ರೂ ಆ ಹರಟೆನ ಅಷ್ಟು ಹಗುರವಾಗಿ ತಳ್ಳಿಹಾಕಬೇಡಿ. ಇಂಥದ್ದೇ ಸರ್ವಿಸ್ ಕ್ಲಬ್‌ಗಳ ಸಂಸ್ಥೆ ರೋಟರಿ ಹುಟ್ಟಿದ್ದೇ ಸ್ನೇಹಕ್ಕೋಸ್ಕರ. 1905ರ ಫೆಬ್ರವರಿ 23ರಂದು ಶಿಕಾಗೋದಲ್ಲಿ ಪಾಲ್ ಹ್ಯಾರಿಸ್ ಅನ್ನೋ ವಕೀಲರು ಇನ್ನೂ ಮೂರು ಜನರ ಜೊತೆ ಕೂತು ಮೊದಲ ಸಭೆ ಮಾಡಿದಾಗ ಅವರ ಮನಸ್ಸಲ್ಲಿದ್ದದ್ದು, ಇಷ್ಟು ದೊಡ್ಡ ನಗರದಲ್ಲಿ ಬೇರೆ ಬೇರೆ ಕಸುಬಿನ ಜನ ಒಬ್ಬರಿಗೊಬ್ಬರು ಗೆಳೆಯರಾಗೋದು ಹೇಗೆ ಅನ್ನೋದು. ಸಮಾಜಸೇವೆ ಅನ್ನೋದು ಆಮೇಲೆ ಬಂತು, ಅದೂ ಏನು ಗೊತ್ತಾ, ಊರಲ್ಲಿ ಸಾರ್ವಜನಿಕ ಶೌಚಾಲಯ ಬೇಕು ಅಂತ ಓಡಾಡಿದ್ದು! ನನಗೆ ಈ ವಿಷಯ ತುಂಬಾ ಇಷ್ಟ, ಯಾಕಂದ್ರೆ ಯಾರೂ ಹಾರ ಹಾಕಿ ಸನ್ಮಾನ ಮಾಡೋ ಕೆಲಸ ಅಲ್ಲ ಅದು, ಜನಕ್ಕೆ ದಿನಾ ಬೇಕಾಗೋ ಕೆಲಸ.

ಸ್ನೇಹ ಯಾಕೆ ಬೇಕು ಅಂದ್ರೆ, ರಾತ್ರಿ ಹನ್ನೊಂದಕ್ಕೆ ಯಾರಿಗೋ ರಕ್ತ ಬೇಕು ಅಂತ ಫೋನ್ ಬಂದಾಗ ಯಾರು ಎದ್ದು ಬರ್ತಾರೆ, ಯಾರ ಹತ್ರ ಗಾಡಿ ಇದೆ, ಯಾರ ಪರಿಚಯದವರು ಆಸ್ಪತ್ರೆಲಿ ಇದಾರೆ ಅನ್ನೋದೆಲ್ಲ ಗೊತ್ತಾಗೋದು ಇದೇ ಹರಟೆಲಿ. ಪರಿಚಯ ಇಲ್ಲದವರು ಒಂದು ಸಲ ಸೇರಿ ಕೆಲಸ ಮಾಡಬಹುದು, ಆದ್ರೆ ವರ್ಷಗಟ್ಟಲೆ ಮಾಡೋದು ಕಷ್ಟ. ಬಿಸಿಲಲ್ಲಿ ಕ್ಯಾಂಪ್‌ಗೆ ಕುರ್ಚಿ ಹಾಕೋಕೆ ಎರಡನೇ ಸಲ, ಮೂರನೇ ಸಲ ಜನ ಬರೋದು ಸೇವೆ ಮೇಲಿನ ಪ್ರೀತಿಗೆ ಎಷ್ಟೋ ಅಷ್ಟೇ ಜೊತೆಗಿರೋ ಗೆಳೆಯನ ಮುಖ ನೋಡಿ ಕೂಡ.

ಹಾಗಂತ ಬರೀ ಊಟದಲ್ಲೇ ನಿಂತುಹೋದ್ರೆ ಅದನ್ನ ಕೇಳೋ ಹಕ್ಕು ನಿಮಗಿದೆ. ಮೊದಲು ಲೆಕ್ಕ ನೋಡಿ. ರೋಟರಿ ಥರದ್ದೇ ಇನ್ನೊಂದು ಸಂಸ್ಥೆಯಾದ ಲಯನ್ಸ್‌ನ ಕ್ಲಬ್‌ಗಳಲ್ಲಿ ಎರಡು ಬೇರೆ ಬೇರೆ ಫಂಡ್ ಇಡೋ ನಿಯಮ ಇದೆ, ಆಡಳಿತದ್ದು ಒಂದು, ಸೇವೆಯದು ಒಂದು; ಜನರಿಂದ ಎತ್ತಿದ ದುಡ್ಡು ಜನರ ಕೆಲಸಕ್ಕೇ ಹೋಗ್ಬೇಕು, ಸದಸ್ಯರ ಊಟ ತಿಂಡಿ ಸದಸ್ಯರ ದುಡ್ಡಿಂದಲೇ ಆಗ್ಬೇಕು. ನಿಮ್ಮ ಕ್ಲಬ್ ಯಾವುದೇ ಇರಲಿ, ಹೀಗೆ ಬೇರೆ ಇಟ್ಟಿದಾರಾ ಅಂತ ಟ್ರೆಷರರ್ ಹತ್ರ ಪ್ರೀತಿಯಿಂದಲೇ ಕೇಳಿ. ಆಮೇಲೆ ಮೀಟಿಂಗಲ್ಲಿ ನೀವೇ ಒಂದು ಚಿಕ್ಕ ಕೆಲಸ ಮುಂದಿಡಿ, ದಿನಾಂಕ ಸಮೇತ, ಜವಾಬ್ದಾರಿ ನಂದು ಅಂತ ಹೇಳಿ. ಇಬ್ಬರು ಕೈ ಎತ್ತಿದ್ರೂ ಸಾಕು, ಶುರು ಮಾಡಿ. ನಾಲ್ಕೈದು ಸಲ ಕೇಳಿದ್ರೂ ಒಬ್ಬರೂ ಬರಲಿಲ್ಲ ಅಂದ್ರೆ ಆಗ ಬೇರೆ ಕ್ಲಬ್ ನೋಡ್ಕೊಳಿ, ಅದ್ರಲ್ಲಿ ತಪ್ಪೇನಿಲ್ಲ.

ಪ್ರಶ್ನೆ: ಹೆಂಗಸರಿಗೆ ಇಲ್ಲಿ ನಿಜವಾಗ್ಲೂ ಜಾಗ ಇದೆಯಾ ಅಥವಾ ಸದಸ್ಯರ ಹೆಂಡತಿಯರು ಅಂತಷ್ಟೇನಾ?

ಉತ್ತರ: ಪೂರ್ತಿ ಜಾಗ ಇದೆ ಅಮ್ಮ. ಆದ್ರೆ ಸುಮ್ಮನೆ ಸಿಕ್ಕಿದ್ದಲ್ಲ. ಮಹಿಳೆಯರನ್ನ ಸೇರಿಸ್ಕೊಂಡಿದ್ದಕ್ಕೆ ಕ್ಯಾಲಿಫೋರ್ನಿಯಾದ ಡುವಾರ್ಟೆ ಕ್ಲಬ್‌ನ ರೋಟರಿ ಹೊರಗೆ ಹಾಕಿತ್ತು, ಕೇಸು ಅಮೆರಿಕದ ಸುಪ್ರೀಂ ಕೋರ್ಟ್ ತನಕ ಹೋಗಿ 1987ರಲ್ಲಿ ಮಹಿಳೆಯರ ಪರ ತೀರ್ಪು ಬಂತು, 1989ರಲ್ಲಿ ರೋಟರಿ ತನ್ನ ನಿಯಮನೇ ಬದಲಿಸ್ತು. ಲಯನ್ಸ್ ಕೂಡ 1987ರಲ್ಲೇ ಬಾಗಿಲು ತೆರೀತು. ಸದಸ್ಯೆಯಾಗಿ ಸೇರಿ, ಸ್ವಾಗತ ಭಾಷಣಕ್ಕೋ ಹೂಗುಚ್ಛ ಕೊಡೋಕೋ ಮಾತ್ರ ಕರೆದ್ರೆ ಪ್ರಾಜೆಕ್ಟ್ ಜವಾಬ್ದಾರಿ ಕೊಡಿ ಅಂತ ನೇರವಾಗಿ ಕೇಳಿ.

ಪ್ರಶ್ನೆ: ಬರೋ ವರ್ಷ ನಾನೇ ಪ್ರೆಸಿಡೆಂಟ್. ಎಲ್ಲರೂ ಹೊಸ ಪ್ರಾಜೆಕ್ಟ್ ಐಡಿಯಾ ಕೊಡ್ತಿದಾರೆ. ದೊಡ್ಡ ರಕ್ತದಾನ ಶಿಬಿರ ಮಾಡೋಣ ಅಂತ ಇದೀನಿ, ಒಂದೇ ದಿನದಲ್ಲಿ ದಾಖಲೆ ಆಗ್ಬೇಕು. ಏನಂತೀರಾ?

ಉತ್ತರ: ಅಭಿನಂದನೆಗಳು. ಆದ್ರೆ ದಾಖಲೆ ಬೇಡ. ರಕ್ತ ಕೂಡಿಡೋ ವಸ್ತು ಅಲ್ಲ, ಕೆಂಪು ರಕ್ತಕಣ ಹೆಚ್ಚೆಂದ್ರೆ 42 ದಿನ ಇಡಬಹುದು, ಪ್ಲೇಟ್‌ಲೆಟ್ ಆದ್ರೆ ಸುಮಾರು 5 ದಿನ ಅಷ್ಟೇ. ಒಂದೇ ದಿನ ರಾಶಿ ರಾಶಿ ಬಂದ್ರೆ ಅದರಲ್ಲಿ ಸ್ವಲ್ಪ ಹಾಳಾಗಬಹುದು, ಕೊಟ್ಟವರೂ ಆಮೇಲೆ ತಿಂಗಳುಗಟ್ಟಲೆ ಮತ್ತೆ ಕೊಡೋ ಹಾಗಿಲ್ಲ. ಮೊದಲು ಬ್ಲಡ್ ಬ್ಯಾಂಕ್‌ನವರ ಹತ್ರ ಹೋಗಿ ನಿಮಗೆ ಯಾವ ತಿಂಗಳಲ್ಲಿ ಕೊರತೆ ಆಗುತ್ತೆ ಅಂತ ಕೇಳಿ, ಅದರ ಪ್ರಕಾರ ಚಿಕ್ಕ ಚಿಕ್ಕ ಕ್ಯಾಂಪ್ ಹಂಚಿ ಹಾಕಿ. ಫೋಟೋದಲ್ಲಿ ಅಷ್ಟು ಭರ್ಜರಿ ಕಾಣಲ್ಲ, ಆದ್ರೆ ರೋಗಿಗೆ ಬೇಕಾದಾಗ ರಕ್ತ ಇರುತ್ತೆ.

ಇನ್ನೊಂದು ಮಾತು. ನಮ್ಮ ಕ್ಲಬ್‌ಗಳಿಗೆ ಇರೋ ದೊಡ್ಡ ಕಾಯಿಲೆ ಆರಂಭಶೂರತನ. ಜುಲೈಯಲ್ಲಿ ಪದಗ್ರಹಣ, ಹೊಸ ಬ್ಯಾನರ್, ಹೊಸ ಯೋಜನೆ, ಮುಂದಿನ ಜೂನ್ ಮುಗಿದ್ರೆ ಅದೂ ಮುಗೀತು, ಹೊಸ ಪ್ರೆಸಿಡೆಂಟ್ ಬಂದು ಮೊದಲಿಂದ ಶುರು. ಹೊಲಿಗೆ ಕಲೀತಿದ್ದ ಹೆಣ್ಮಕ್ಕಳ ತರಗತಿ ಅರ್ಧಕ್ಕೇ ನಿಂತ್ರೆ ಅವರಿಗೆ ನಮ್ಮ ವರ್ಷ ಮುಗೀತು ಅಂತ ಹೇಳೋಕಾಗುತ್ತಾ? ದೊಡ್ಡ ಕೆಲಸಗಳೆಲ್ಲ ಪ್ರೆಸಿಡೆಂಟ್‌ಗಳನ್ನ ದಾಟಿ ನಡೆದಿರೋವೇ. 1925ರಲ್ಲಿ, ಕಣ್ಣು ಕಿವಿ ಎರಡೂ ಇಲ್ಲದ ಅಮೆರಿಕದ ಲೇಖಕಿ ಹೆಲೆನ್ ಕೆಲರ್ ಲಯನ್ಸ್ ಸಮಾವೇಶದಲ್ಲಿ ನಿಂತು ಅಂಧರ ಪರವಾಗಿ ಕೈ ಜೋಡಿಸಿ ಅಂತ ಕೇಳ್ಕೊಂಡ್ರು, ಕಣ್ಣಿನ ಕೆಲಸ ಇವತ್ತಿಗೂ ನಿಂತಿಲ್ಲ. ರೋಟರಿ 1979ರಲ್ಲಿ ಫಿಲಿಪ್ಪೀನ್ಸ್ ಮಕ್ಕಳಿಗೆ ಪೋಲಿಯೊ ಲಸಿಕೆ ಹಾಕಿಸೋಕೆ ಕೈ ಹಾಕ್ತು, 1985ರಲ್ಲಿ ಅದನ್ನ ಇಡೀ ಜಗತ್ತಿಗೆ ವಿಸ್ತರಿಸ್ತು, ಇನ್ನೂ ಬಿಟ್ಟಿಲ್ಲ. ಅದಕ್ಕೇ ಹೋದ ವರ್ಷದವರು, ಈ ವರ್ಷದವರು, ನಿಮ್ಮ ನಂತರ ಬರೋರು, ಮೂರೂ ಜನ ಈಗಲೇ ಒಟ್ಟಿಗೆ ಕೂತ್ಕೊಳಿ, ನಡೀತಿರೋ ಒಂದು ಕೆಲಸ ಆರಿಸಿ, ಮೂರು ವರ್ಷ ನಿಲ್ಲಿಸಲ್ಲ ಅಂತ ಬರೆದಿಡಿ. ಹೊಸದು ಏನೇ ಇದ್ರೂ ಅದಾದ ಮೇಲೆ.

ಪ್ರಶ್ನೆ: ಎಲೆಕ್ಷನ್ ಆದ್ಮೇಲೆ ನಮ್ಮ ಕ್ಲಬ್ ಎರಡು ಗುಂಪಾಗಿದೆ, ಮಾತೇ ಇಲ್ಲ.

ಉತ್ತರ: ಸಂಧಾನದ ಮೀಟಿಂಗ್ ಕರೀಬೇಡಿ, ಅಲ್ಲಿ ಹಳೇದೆಲ್ಲ ಮತ್ತೆ ಮೇಲೆ ಬರುತ್ತೆ. ಎರಡೂ ಗುಂಪಿಂದ ಇಬ್ಬಿಬ್ಬರನ್ನ ಒಂದೇ ಕೆಲಸಕ್ಕೆ ಹಾಕಿ, ಕಣ್ಣಿನ ಶಿಬಿರದಲ್ಲಿ ವಯಸ್ಸಾದವರನ್ನ ಕೈ ಹಿಡಿದು ಕರ್ಕೊಂಡು ಹೋಗೋ ಥರದ್ದು, ಅಲ್ಲಿ ಮಾತಾಡದೆ ಕೆಲಸ ಆಗಲ್ಲ.

ಪ್ರಶ್ನೆ: ಸೇರೋ ಆಸೆ ಇದೆ, ದುಡ್ಡು ಕೊಡೋ ಶಕ್ತಿ ಇಲ್ಲ, ಸ್ಟೇಜ್ ಅಂದ್ರೆ ಭಯ.

ಉತ್ತರ: ದುಡ್ಡು ಕೊಡೋರು ಸಿಗ್ತಾರೆ, ಫೋನ್ ಮಾಡಿ ನೆನಪಿಸೋರು, ರಿಜಿಸ್ಟರ್ ಬರೆಯೋರು, ಕ್ಯಾಂಪ್ ಆದ ಎರಡು ವಾರಕ್ಕೆ ಕನ್ನಡಕ ಸರಿ ಆಯ್ತಾ ಅಂತ ಮನೆಗೆ ಹೋಗಿ ಕೇಳೋರು ಸಿಗಲ್ಲ. ವಾರ್ಷಿಕ ಚಂದಾ ಎಷ್ಟು, ಬೇರೆ ಖರ್ಚು ಏನೇನು ಅಂತ ಸೇರೋ ಮೊದಲೇ ಕೇಳ್ಕೊಳಿ, ಸಂಕೋಚ ಬೇಡ. ಹೆಚ್ಚಾಯ್ತು ಅನ್ಸಿದ್ರೆ ಸದಸ್ಯತ್ವ ಇಲ್ಲದೇನೂ ಕ್ಯಾಂಪ್‌ಗೆ ಬಂದು ಕೆಲಸ ಮಾಡ್ತೀನಿ ಅಂತ ಸೆಕ್ರೆಟರಿಗೆ ಹೇಳಿ, ಯುವಕರಾಗಿದ್ರೆ ರೋಟರಿ, ಲಯನ್ಸ್‌ನವರು ಯುವಜನರಿಗೆ ಅಂತಲೇ ನಡೆಸೋ ರೋಟರ‍್ಯಾಕ್ಟ್, ಲಿಯೋ ಕ್ಲಬ್‌ಗಳನ್ನೂ ವಿಚಾರಿಸಿ.