ಕೆಂಪು ಚಿಗುರು ರೋಗವಲ್ಲ

ಶಿರಸಿಯ ತಮ್ಮ ಮನೆಯಂಗಳದಲ್ಲಿ ಮಾವು ಮತ್ತು ದಾಲ್ಚಿನ್ನಿಯ ಹೊಸ ಎಲೆಗಳು ಕೆಂಪಾಗಿ ಜೋತುಬಿದ್ದಿವೆ, ಔಷಧಿ ಹೊಡೆಯಬೇಕೇ ಎಂದು ಕೇಳಿದ್ದೀರಿ. ದಯವಿಟ್ಟು ಹೊಡೆಯಬೇಡಿ. ಎಳೆಯ ಎಲೆಯಲ್ಲಿ ಪತ್ರಹರಿತ್ತು ಇನ್ನೂ ತುಂಬಿರುವುದಿಲ್ಲವಾದ್ದರಿಂದ ಆಂಥೋಸಯನಿನ್ ಎಂಬ ಕೆಂಪು ವರ್ಣದ್ರವ್ಯವೇ ಎದ್ದು ಕಾಣುತ್ತದೆ. ಬಿಸಿಲಿನ ಹೊಡೆತದಿಂದ ಎಳೆ ಎಲೆಯನ್ನು ಒಂದಿಷ್ಟು ಕಾಪಾಡುವುದೂ ಅದೇ ಎನ್ನುತ್ತಾರೆ. ನಮ್ಮ ಹಿತ್ತಿಲ ದಾಲ್ಚಿನ್ನಿಯ ಚಿಗುರನ್ನು ಬೆಳಗಿನ ಬಿಸಿಲಿಗೆ ಹಿಡಿದರೆ, ಒದ್ದೆ ರೇಷ್ಮೆಯಂತೆ ಮೆತ್ತಗಿರುವ ಎಲೆಯಲ್ಲಿ ಬುಡದಿಂದ ಹೊರಟ ಮೂರು ನರಗಳು ಮಾತ್ರ ತಿಳಿಯಾಗಿ ಕಾಣುತ್ತವೆ. ದಿನ ಕಳೆದಂತೆ ಆ ಕೆಂಪು ತಾಮ್ರದ ಬಣ್ಣಕ್ಕೆ, ಅಲ್ಲಿಂದ ಎಳೆಹಸಿರಿಗೆ ತಿರುಗಿ, ಎಲೆ ಗಟ್ಟಿಯಾಗಿ ನೆಟ್ಟಗಾಗುತ್ತದೆ. ಮಾವಿನ ಎಲೆಯ ಮೇಲೆ ಅಂಟು, ಅದರ ಮೇಲೆ ಮಸಿಯಂಥ ಕಪ್ಪು ಕಂಡರೆ ಮಾತ್ರ ಜಿಗಿಹುಳುವಿನ ಕಾಟವಿದೆಯೇ ಎಂದು ಪರೀಕ್ಷಿಸಿರಿ.

ಬಣ್ಣ ಬದಲಾಗುವುದನ್ನು ದಿನವೂ ನೋಡುವ ಆಸೆಯಿದ್ದರೆ ಜಗಲಿಯ ಎದುರಿಗೆ ರಂಗೂನ್ ಬಳ್ಳಿಯನ್ನು ನೆಡಬಹುದು. ಸಂಜೆ ಬಿಳಿಯಾಗಿ ಅರಳಿದ ಹೂವು ಮರುದಿನ ಗುಲಾಬಿ ಬಣ್ಣಕ್ಕೆ ತಿರುಗಿ, ಆಮೇಲೆ ಕಡುಗೆಂಪಾಗುವುದರಿಂದ ಒಂದೇ ಗೊಂಚಲಿನಲ್ಲಿ ಮೂರೂ ಬಣ್ಣಗಳು ಸಿಗುತ್ತವೆ. ಹಂಚಿನ ಮಾಡಿನಿಂದ ಮಾತ್ರ ದೂರವಿರಲಿ. ನಮ್ಮದು ಒಂದೇ ಮಳೆಗಾಲದಲ್ಲಿ ಹಂಚನ್ನೇ ಎತ್ತಿಹಾಕಿತ್ತು. ಹೀಗೆಯೇ ಬಣ್ಣ ಬದಲಿಸುವ ಮುರುಗಲು (ಕೋಕಂ) ಹಣ್ಣು ಕೆಂಪೇರುವುದನ್ನು ನೋಡಲು ಇನ್ನೂ ಸ್ವಲ್ಪ ಕಾಯಬೇಕು.