ಗ್ರಾತಾಂ ದೋಫಿನ್ವಾ: ಹಾಲು ಯಾಕೆ ಒಡೆಯುತ್ತೆ?

ಫ್ರಾನ್ಸಿನ ಗ್ರೆನೋಬಲ್‌ನಲ್ಲಿದ್ದೀರಿ, ಸಸ್ಯಾಹಾರಿ, ಅಲ್ಲಿನ ಗ್ರಾತಾಂ ದೋಫಿನ್ವಾ (ಆಲೂಗಡ್ಡೆ ಬಿಲ್ಲೆಗಳನ್ನು ಹಾಲು, ಕ್ರೀಮ್‌ನಲ್ಲಿ ಓವನ್‌ನಲ್ಲಿ ಬೇಯಿಸುವ ಖಾದ್ಯ) ಮಾಡಿದಾಗಲೆಲ್ಲ ಹಾಲು ಒಡೆದು ತಳದಲ್ಲಿ ನೀರು ನಿಲ್ಲುತ್ತೆ ಅಂತ ಕೇಳಿದ್ದೀರಿ. ಓವನ್ 200 ಡಿಗ್ರಿ, ನೀಲಿ ಮುಚ್ಚಳದ ಹಾಲು, ಹೆಚ್ಚಿದ ಮೇಲೆ ಬಿಲ್ಲೆ ತೊಳೆದದ್ದು, ಮೂರೂ ಸೇರಿ ಕೆಡಿಸಿವೆ.

ಮುಖ್ಯವಾಗಿ, ಬಿಲ್ಲೆ ತೊಳೆಯಲೇಬೇಡಿ. ಹಾಲನ್ನು ಗಟ್ಟಿ ಮಾಡೋದು ಅದರ ಪಿಷ್ಟವೇ. ಸಿಪ್ಪೆ ತೆಗೆದು ತೊಳೆದು, ಒರೆಸಿ, ಆಮೇಲೆ 3 ಮಿಲಿಮೀಟರ್ ದಪ್ಪಕ್ಕೆ ಹೆಚ್ಚಿ. ಬಿಂಟ್ಯೆ ಅಥವಾ ಮೋನಾಲಿಸಾ ತಳಿಯ ಆಲೂಗಡ್ಡೆ ತನ್ನಿ. ಶಾರ್ಲೋಟ್ ಗಟ್ಟಿಯಾಗೇ ಉಳಿಯುತ್ತೆ. ನೀಲಿ ಮುಚ್ಚಳದ್ದು ಅರೆ ಕೊಬ್ಬಿನ ಹಾಲು, ಕೆಂಪು ಮುಚ್ಚಳದ ಪೂರ್ಣ ಕೊಬ್ಬಿನದು ಬೇಕು. ಕ್ರೀಮ್ ಕೂಡ 30% ಕೊಬ್ಬಿನದೇ ಇರಲಿ. ಕೊಬ್ಬು ಕಡಿಮೆಯಾದಷ್ಟೂ ಬೇಗ ಒಡೆಯುತ್ತೆ.

1 ಕೆಜಿ ಆಲೂಗಡ್ಡೆಗೆ 400 ಮಿಲಿ ಹಾಲು, 300 ಮಿಲಿ ಕ್ರೀಮ್, ಒಂದೂವರೆ ಟೀ ಚಮಚ ಉಪ್ಪು, ತುರಿದ ಜಾಯಿಕಾಯಿ ಚಿಟಿಕೆ. ಬಿಲ್ಲೆಗಳೂ ಸೇರಿ ಎಲ್ಲವನ್ನೂ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ 10 ನಿಮಿಷ ಬೇಯಿಸಿ, ತಳ ಹಿಡಿಯದಂತೆ ಮೆಲ್ಲಗೆ ಕೈಯಾಡಿಸಿ. ಸೌಟು ಎತ್ತಿದರೆ ಹಾಲು ತೆಳು ಗಂಜಿಯ ಹಾಗೆ ಅಂಟಬೇಕು. ಬೆಳ್ಳುಳ್ಳಿ ಉಜ್ಜಿ ಬೆಣ್ಣೆ ಸವರಿದ ತಟ್ಟೆಗೆ ಸುರಿದು, 150 ಡಿಗ್ರಿಯಲ್ಲಿ ಸುಮಾರು ಒಂದು ಗಂಟೆ ಇಡಿ. ಚಾಕು ತಡೆಯಿಲ್ಲದೆ ಇಳಿದರೆ ಬೆಂದಿದೆ. ಹೊರತೆಗೆದು 15 ನಿಮಿಷ ಬಿಡಿ, ಆಗಲೇ ಸೆಟ್ ಆಗೋದು.

ಮೇಲೆ ಚೀಸ್ ಹಾಕಬೇಕಾ ಅಂದಿರಿ. ಸಾಂಪ್ರದಾಯಿಕ ದೋಫಿನ್ವಾಕ್ಕೆ ಚೀಸೇ ಇಲ್ಲ, ನಿಮಗದು ಒಳ್ಳೆಯದೇ ಆಯಿತು: ಫ್ರಾನ್ಸಿನ ಕೊಂತೆ ಚೀಸನ್ನು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ (ಹಾಲು ಹೆಪ್ಪುಗಟ್ಟಿಸುವ ಕಿಣ್ವ) ಹಾಕಿಯೇ ಮಾಡುತ್ತಾರೆ, ಅದು ಸಸ್ಯಾಹಾರವಲ್ಲ.