ಪಟ್ಟೆ ಹೋಗಿ ಹಸಿರು ಬಂತು

ಪ್ರಶ್ನೆ: ಹಿತ್ತಲಲ್ಲಿ ಸಂಪಿನ ಪಕ್ಕ ವರ್ಷವಿಡೀ ಪಸೆ ಆರದ ಎರೆ ಮಣ್ಣಿನ ಜಾಗವಿದೆ. ಕೊಡೆಯಂತೆ ಎಲೆ ಬಿಚ್ಚುವ, ಬಿಳಿ ಪಟ್ಟೆಯ ಹುಲ್ಲನ್ನು ನರ್ಸರಿಯಿಂದ ತಂದು ಅಲ್ಲಿ ನೆಟ್ಟೆ. ಈಗ ಬುಡದಿಂದ ಅಚ್ಚಹಸಿರು ಕಡ್ಡಿಗಳು ಏಳುತ್ತಿವೆ, ಪಟ್ಟೆಯವು ಸೊರಗಿ ತುದಿ ಒಣಗುತ್ತಿದೆ. ಅತ್ತೆಯವರು, “ದುಡ್ಡು ಕೊಟ್ಟು ಜೇಕು ತಂದಿದ್ದೀಯ” ಎನ್ನುತ್ತಾರೆ. ಇದರ ಬದಲು ‘ಎವರ್‌ಗೋಲ್ಡ್’ ತರಿಸಲೇ?
– ಓದುಗರೊಬ್ಬರು, ವಿದ್ಯಾನಗರ, ದಾವಣಗೆರೆ

ಉತ್ತರ: ಅತ್ತೆಯವರ ಮಾತನ್ನು ತಳ್ಳಿಹಾಕಬೇಡಿ ತಾಯಿ. ಭದ್ರಾ ನಾಲೆಯ ಗದ್ದೆಗಳಲ್ಲಿ ಕಳೆ ಕಿತ್ತವರಿಗೆ ಜೇಕಿನ ಬಳಗ ದೂರದಿಂದಲೇ ಗೊತ್ತಾಗುತ್ತದೆ. ನಿಮ್ಮದು ಸೈಪರಸ್ ಆಲ್ಟರ್ನಿಫೋಲಿಯಸ್‌ನ ಪಟ್ಟೆ ತಳಿ, ಜೇಕು ಸೈಪರಸ್ ರೊಟಂಡಸ್. ಕುಲ ಒಂದೇ. ಆದರೆ ಜೇಕಿನಂತೆ ನೆಲದೊಳಗೆ ಗಡ್ಡೆಗಳ ಸರ ಕಟ್ಟುವ ಗುಣ ಇದಕ್ಕಿಲ್ಲ. ಇದ್ದಲ್ಲೇ ಗುಂಪಾಗಿ ಬೆಳೆಯುತ್ತದೆ. ಹಾಗೆಂದು ಕಿತ್ತ ಬುಡಗಳನ್ನು ನಾಲೆಗೆ ಎಸೆಯಬೇಡಿ, ನೀರು ಕಂಡಲ್ಲಿ ಬೇರೂರುತ್ತದೆ.

ಬಿಳಿ ಪಟ್ಟೆಯಲ್ಲಿ ಪತ್ರಹರಿತ್ತು ಇಲ್ಲ. ಪಟ್ಟೆಯ ಕಡ್ಡಿ ಅರೆಹೊಟ್ಟೆಯಲ್ಲಿ ಬದುಕುತ್ತದೆ, ಹಸಿರು ಕಡ್ಡಿ ಹೊಟ್ಟೆ ತುಂಬ ಉಂಡು ಪಕ್ಕದವರ ಜಾಗವನ್ನೂ ಕಬಳಿಸುತ್ತದೆ. ಹಸಿರು ಚೆನ್ನಾಗಿ ಬರುತ್ತಿದೆಯಲ್ಲ ಎಂದು ಬಿಟ್ಟಿರೋ, ಪಟ್ಟೆ ಮಾಯ. ಮೇಲಿನಿಂದ ಕತ್ತರಿಸಿದರೆ ಮತ್ತೆ ಚಿಗುರುತ್ತದೆ. ಬುಡದ ಮಣ್ಣನ್ನು ಬೆರಳಿನಿಂದ ಸರಿಸಿ ನೋಡಿ: ಕಂದು ಬಣ್ಣದ, ಗಿಣ್ಣುಗಿಣ್ಣಾದ ಗಟ್ಟಿ ಬುಡ ಕಾಣುತ್ತದೆ. ಹಸಿರು ಕಡ್ಡಿ ಎದ್ದ ಕವಲನ್ನಷ್ಟೇ ಚೂಪಾದ ಚಾಕುವಿನಿಂದ ಬೇರು ಸಮೇತ ಬಿಡಿಸಿ ತೆಗೆಯಿರಿ. ಇಲ್ಲಿ ಮರುಕ ಸಲ್ಲದು.

ತುದಿ ಒಣಗುವುದಕ್ಕೆ ನಮ್ಮೂರಿನ ಮಧ್ಯಾಹ್ನದ ಬಿಸಿಲೇ ಸಾಕು. ಗಿಡಕ್ಕೆ ಬೆಳಗಿನ ಎಳೆಬಿಸಿಲು ಮಾತ್ರ ಬೀಳಲಿ. ಕೊಳವೆಬಾವಿಯ ಗಡಸು ನೀರಿನ ಉಪ್ಪು ಸೇರಿದರೆ ಇನ್ನೂ ಬೇಗ ಸುಡುತ್ತದೆ. ಮಳೆಗಾಲದಲ್ಲಿ ಚಾವಣಿಯ ನೀರನ್ನು ಅತ್ತ ತಿರುಗಿಸಿ. ಬುಡದಲ್ಲಿ ನೀರು ನಿಂತರೂ ಚಿಂತೆಯಿಲ್ಲ, ಇದು ಜೌಗಿನ ಗಿಡ.

ಎವರ್‌ಗೋಲ್ಡ್ ಬೇಡವೇ ಬೇಡ. ಅದು ಜಪಾನಿನ ಕೇರೆಕ್ಸ್, ಒಂದಡಿಯೊಳಗಿನ ಚೆಂದದ ಗಿಡ, ನಿಜ. ಆದರೆ ಅದಕ್ಕೆ ತಂಪು ಹವೆ ಬೇಕು, ತೇವವಿದ್ದೂ ನೀರು ಬಸಿದುಹೋಗುವ ಮಣ್ಣು ಬೇಕು. ನಿಮ್ಮ ಸಂಪಿನ ಮೂಲೆಯಲ್ಲಿ ಎರಡೂ ಇಲ್ಲ.

ಗಿಡ ಹೆಚ್ಚಿಸಬೇಕೆಂದರೆ ಬೀಜ ನಂಬಬೇಡಿ, ಪಟ್ಟೆ ಬರುವುದಿಲ್ಲ. ಜೂನ್ ಮಳೆ ಹಿಡಿದ ಮೇಲೆ ಪಟ್ಟೆಯ ಬುಡವನ್ನೇ ಒಡೆದು ನೆಡಿ. ಕೊಡೆಯ ತಲೆಯನ್ನು ಕತ್ತರಿಸಿ ನೀರಿನಲ್ಲಿ ಬೋರಲು ಹಾಕಿದರೂ ಮರಿ ಒಡೆಯುತ್ತದೆ. ಅವುಗಳಲ್ಲಿ ಪಟ್ಟೆಯವನ್ನು ಮಾತ್ರ ಉಳಿಸಿಕೊಳ್ಳಿ. ಸೊಳ್ಳೆಯ ಮರಿ ಆಗದಂತೆ ಆ ನೀರನ್ನು ವಾರದೊಳಗೆ ಚೆಲ್ಲಿ, ಹೊಸದು ತುಂಬಿ.